ಎರಡನೇ ನೀರು

ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಪಂಚಾಕ್ಷರಪ್ಪನವರ ಜವಳಿ ಅಂಗಡಿ. ಮಧ್ಯಾಹ್ನ ಎರಡರ ಮೇಲೆ ಅಲ್ಲಿ ಗಿರಾಕಿಗಳು ಕಡಿಮೆ. ಬೆಳಗಿನಿಂದ ಬಿಚ್ಚಿ ಹರವಿದ ಸೀರೆಗಳ ಗುಡ್ಡೆಯ ನಡುವೆ ಕೂತು ಒಂದೊಂದನ್ನೇ ಮತ್ತೆ ಮಡಚಿ ಕಪಾಟಿಗಿಡುವುದು ತನುಜಾಳ ಕೆಲಸ. ಕೈ ಅದರ ಪಾಡಿಗೆ ಓಡುತ್ತಿತ್ತು, ಮನಸ್ಸು ಇನ್ನೆಲ್ಲೋ ಇರುತ್ತಿತ್ತು. ತಿಳಿನೀಲಿ ಸೀರೆಯೊಂದು ಕೈಗೆ ಬಂದರೆ ಅದರ ಸೆರಗಿನ ತುದಿ ಹಿಡಿದುಕೊಂಡು, ಬಾಗಿಲಾಚೆಯ ಬಿಸಿಲನ್ನು ನೋಡುತ್ತ ಹಾಗೇ ಉಳಿದುಬಿಡುವಳು.

"ಏನವ್ವಾ ತನುಜಾ, ಸೀರೆ ಮಡಚ್ತಾ ಇದೀಯೋ, ಮೋಡ ಮಡಚ್ತಾ ಇದೀಯೋ?" ಎಂದು ಪಂಚಾಕ್ಷರಪ್ಪ ಗಲ್ಲಾದಿಂದ ಕೂಗಿದಾಗಲೇ ಅವಳಿಗೆ ಎಚ್ಚರ. ಒಳ್ಳೆಯ ಮನುಷ್ಯ. ಬೈದರೂ ಅರ್ಧ ನಗುತ್ತಲೇ ಬೈಯುತ್ತಿದ್ದರು.

ಅವಳ ಊರು ಶಿವನಿ. ಅಪ್ಪ ದೇವೀರಪ್ಪ ಪಂಚಾಯ್ತಿಯಲ್ಲಿ ವಾಟರ್‌ಮ್ಯಾನ್. ಯಾವ ಬೀದಿಗೆ ಯಾವ ಹೊತ್ತಿಗೆ ನೀರು ಬಿಡಬೇಕೆಂಬುದು ಅವನ ಕೈಯಲ್ಲಿ. ಹಳಬರು ಅವನನ್ನು ಇನ್ನೂ ನೀರುಗಂಟಿ ಎಂದೇ ಕರೆಯುತ್ತಾರೆ. ತಾಯಿ ಸಾವಿತ್ರಮ್ಮ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಇಬ್ಬರ ದುಡಿಮೆಯೂ ಸೇರಿ ಮನೆ ನಡೆಯುತ್ತಿತ್ತು, ಓದು ನಡೆಯುತ್ತಿರಲಿಲ್ಲ. ಹಾಗಾಗಿ ತನುಜಾ ಬೆಳಿಗ್ಗೆ ಅಜ್ಜಂಪುರದ ಮೇಲೆ ಬಸ್ಸು ಹಿಡಿದು ತರೀಕೆರೆಗೆ ಬಂದು, ಮಧ್ಯಾಹ್ನದವರೆಗೆ ಡಿಗ್ರಿ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದ ಪಾಠ ಕೇಳಿ, ಸಂಜೆ ಆರರವರೆಗೆ ಅಂಗಡಿಯಲ್ಲಿ ಕೂತು, ಕತ್ತಲಾದ ಮೇಲೆ ಊರು ಸೇರುತ್ತಿದ್ದಳು. ಈ ಲೆಕ್ಕಾಚಾರದಲ್ಲಿ ಒಂದೇ ಒಂದು ತೊಡಕು. ಕಾಲೇಜಿನ ಪ್ರಾಕ್ಟಿಕಲ್ ಕ್ಲಾಸುಗಳೆಲ್ಲ ಮಧ್ಯಾಹ್ನವೇ.

ಒಂದು ಶುಕ್ರವಾರ ಪ್ರಾಣಿಶಾಸ್ತ್ರದ ಸೀತಾದೇವಿ ಮೇಡಂ ಅವಳನ್ನು ಕಾರಿಡಾರಿನಲ್ಲಿ ನಿಲ್ಲಿಸಿದರು. ಕಡೂರಿನಿಂದ ದಿನಾ ಓಡಾಡುವ, ಸದಾ ಹತ್ತಿಯ ಸೀರೆ ಉಡುವ, ಮಾತು ಕಡಿಮೆಯ ಹೆಂಗಸು.

"ನೀನು ಥಿಯರಿಲಿ ಕೇಳೋ ಪ್ರಶ್ನೆ ಕೇಳಿದ್ರೆ ಲ್ಯಾಬಲ್ಲೇ ವಾಸ ಮಾಡೋಳು ಅನ್ಸುತ್ತೆ. ಪ್ರಾಕ್ಟಿಕಲ್‌ಗೆ ಮಾತ್ರ ಪತ್ತೇನೇ ಇಲ್ಲ. ಎಲ್ಲಿಗೆ ಹೋಗ್ತೀಯಮ್ಮ?"

ತನುಜಾ ನೆಲ ನೋಡಿದಳು. "ಕೆಲಸಕ್ಕೆ ಹೋಗ್ತೀನಿ ಮೇಡಂ. ಬಟ್ಟೆ ಅಂಗಡಿಗೆ."

ಮೇಡಂ ಕೈಯಲ್ಲಿದ್ದ ಫೈಲಿನಿಂದ ಒಂದು ಹಾಳೆ ಎಳೆದುಕೊಟ್ಟರು. "ಓದು. ಆಮೇಲೆ ಬಾ."

ಅದೊಂದು ಪ್ರಕಟಣೆ. ತರೀಕೆರೆ, ಕಡೂರು, ಅಜ್ಜಂಪುರ ತಾಲ್ಲೂಕುಗಳ ಕೆರೆಗಳ ಸೂಕ್ಷ್ಮ ಜೀವಿಗಳ ಬಗ್ಗೆ ಮೇಡಂ ಒಂದು ಸಂಶೋಧನೆ ಕೈಗೊಂಡಿದ್ದರು; ಅದಕ್ಕೆ ಒಂದು ಟ್ರಸ್ಟಿನ ನೆರವು ಸಿಕ್ಕಿತ್ತು. ಟ್ರಸ್ಟಿನವರ ಷರತ್ತು ಒಂದೇ: ಸಹಾಯಕರಾಗಿ ಡಿಗ್ರಿ ಓದುತ್ತಿರುವ, ಮನೆಯಲ್ಲಿ ಅನುಕೂಲವಿಲ್ಲದ ವಿದ್ಯಾರ್ಥಿಯನ್ನೇ ತೆಗೆದುಕೊಳ್ಳಬೇಕು, ತಿಂಗಳಿಗೆ ಸಂಬಳ ಕೊಡಬೇಕು. ವಾರಕ್ಕೆ ಹತ್ತು ಗಂಟೆ ಕೆಲಸ. ಆದಾಯ ಪ್ರಮಾಣಪತ್ರದ ಜೊತೆಗೆ 'ನನಗೆ ತಿಳಿದುಕೊಳ್ಳಬೇಕು ಅನ್ನಿಸಿದ ಒಂದು ವಿಷಯ' ಎಂದು ಒಂದು ಪುಟ ಬರೆದು ಕೊಡಬೇಕು.

ಪ್ರಮಾಣಪತ್ರಕ್ಕಾಗಿ ಅಪ್ಪ ನಾಡಕಚೇರಿಗೆ ಎರಡು ಸಲ ಅಲೆದ. ಆ ಒಂದು ಪುಟ ಮಾತ್ರ ತನುಜಾಗೆ ಕಷ್ಟವಾಗಲಿಲ್ಲ. ಶಿವನಿಯ ಹೊರಗೆ ಹಿರೇಕಟ್ಟೆ ಎಂಬ ಪುಟ್ಟ ಕೆರೆಯಿದೆ. ಅವಳು ಆರನೇ ಕ್ಲಾಸಿನಲ್ಲಿದ್ದಾಗ ಅದು ಕೊನೆಯ ಸಲ ತುಂಬಿದ್ದು. ಆಮೇಲೆ ನೀರು ಬರುವ ಹಳ್ಳದ ದಾರಿ ಮುಚ್ಚಿಹೋಗಿ, ಕೆರೆ ಅಂಗಳ ಹುಡುಗರ ಕ್ರಿಕೆಟ್ ಮೈದಾನವಾಗಿತ್ತು. ಒಣಗಿದ ಆ ವರ್ಷ ಅವಳು ಏರಿಯ ಮೇಲೆ ನಿಂತು, "ಒಳಗಿದ್ದ ಹುಳ ಹುಪ್ಪಟೆಯೆಲ್ಲ ಎಲ್ಲಿಗೆ ಹೋದ್ವಪ್ಪಾ?" ಎಂದು ಕೇಳಿದ್ದಳು. ಅಪ್ಪನಿಗೆ ಗೊತ್ತಿರಲಿಲ್ಲ. ಅವಳು ಅದನ್ನೇ ಬರೆದಳು. ಆ ಪ್ರಶ್ನೆ ಈಗಲೂ ಬಸ್ಸಿನಲ್ಲಿ ತೂಕಡಿಸುವಾಗ ಬರುತ್ತದೆ ಎಂದೂ ಸೇರಿಸಿದಳು.

ಕೆಲಸ ಅವಳಿಗೇ ಸಿಕ್ಕಿತು.

ಅಂಗಡಿಯ ಸಂಬಳಕ್ಕಿಂತ ಇದು ಕೊಂಚ ಕಡಿಮೆ. ಸಾವಿತ್ರಮ್ಮ ಒಲೆಯ ಮುಂದೆ ಕೂತು ತುಂಬ ಹೊತ್ತು ಯೋಚಿಸಿದಳು. "ಕೆಸರು ನೋಡೋಕೆ ಸಂಬಳ ಕೊಡ್ತಾರೇನೇ? ಅಂಗಡಿ ಬಿಟ್ಟು ಆಮೇಲೆ ಇದೂ ನಿಂತೋದ್ರೆ?" ಎಂದಳು. ದೇವೀರಪ್ಪ ಮಾತ್ರ, "ನಂಗೂ ನೀರು ನೋಡೋಕೇ ಅಲ್ವೇನೇ ಸಂಬಳ ಕೊಡೋದು? ಹೋಗ್ಲಿ ಬಿಡು," ಎಂದ. ಪಂಚಾಕ್ಷರಪ್ಪನವರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಇಲ್ಲಿ ನೀನು ಇದ್ದಿದ್ದಾದ್ರೂ ಯಾವಾಗವ್ವ? ಓದು, ಓದು. ದಸರಾ ಗದ್ದಲದಾಗೆ ಒಂದೆರಡು ದಿನ ಬಂದು ಕೈ ಹಾಕು ಸಾಕು," ಎಂದರು.

ಆದರೆ ನೋಟಿಸ್ ಬೋರ್ಡಿನಲ್ಲಿ ಹೆಸರು ಬಂದ ದಿನ ಅವಳ ಕಿವಿಗೆ ಬಿದ್ದ ಮಾತೇ ಬೇರೆ. ಕ್ಲಾಸಿಗೇ ಮೊದಲು ಬರುವ ಸಂಹಿತಾ ಗೆಳತಿಯರ ಜೊತೆ ನಿಂತು, "ಮಾರ್ಕ್ಸ್ ನೋಡಿದ್ರೆ ನಂಗೆ ಬರ್ಬೇಕಿತ್ತು. ಇನ್‌ಕಮ್ ಸರ್ಟಿಫಿಕೇಟ್ ನೋಡಿ ಕೊಟ್ರು," ಎಂದಳು. ಬೇಕೆಂದು ಚುಚ್ಚಿದ್ದಲ್ಲ, ತನುಜಾ ಹಿಂದೆ ಇದ್ದದ್ದು ಅವಳಿಗೆ ಕಂಡಿರಲಿಲ್ಲ. ಆದರೂ ಆ ಮಾತು ತನುಜಾಳ ಚಪ್ಪಲಿಯೊಳಗೆ ಸೇರಿದ ಮುಳ್ಳಿನ ಹಾಗೆ ದಿನವೂ ಅವಳ ಜೊತೆ ನಡೆಯಿತು. ನನ್ನನ್ನು ಆರಿಸಿದ್ದು ನಮ್ಮ ಮನೆಯ ಬಡತನವನ್ನು ನೋಡಿಯೋ, ನಾನು ಬರೆದ ಪುಟ ನೋಡಿಯೋ? ಮೇಡಂ ಅವರನ್ನು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಕೆಲಸ ನೋಡಲಿಕ್ಕೆ ಸುಲಭ. ಮೂರು ತಾಲ್ಲೂಕುಗಳ ಹನ್ನೆರಡು ಕೆರೆಗಳಿಂದ ಮಣ್ಣು ತಂದಿದ್ದರು. ಲಿಂಗದಹಳ್ಳಿ ಕಡೆಯ, ಎಂದೂ ಬತ್ತದ ಕೆರೆಯ ಕಪ್ಪು ಕೆಸರು. ಕಡೂರು ಸೀಮೆಯ ಬೂದುಮಣ್ಣು. ತರೀಕೆರೆಯ ಸುತ್ತಿನ ಕೆಮ್ಮಣ್ಣು. ತನುಜಾಳ ಪುಟ ಓದಿದ ಮೇಲೆ ಮೇಡಂ ಹನ್ನೊಂದನೆಯದಾಗಿ ಇಟ್ಟುಕೊಂಡಿದ್ದ ಬೇರೊಂದು ಕೆರೆಯನ್ನು ಕೈಬಿಟ್ಟು ಹಿರೇಕಟ್ಟೆಯ ಹೆಸರು ಬರೆದುಕೊಂಡಿದ್ದರು. ಒಂದೊಂದು ಮಣ್ಣನ್ನೂ ಒಂದೊಂದು ಬಿಳಿ ಟಬ್ಬಿಗೆ ಹಾಕಿ, ಸೋಸಿದ ಮಳೆನೀರು ಹೊಯ್ದು, ಪ್ರತಿದಿನ ಯಾವ ಜೀವ ಕಂಡಿತು, ಎಷ್ಟು ಕಂಡಿತು ಎಂದು ಬರೆಯಬೇಕು.

"ಕೆಲವು ಪ್ರಾಣಿಗಳು ಕೆರೆ ಒಣಗೋ ಮುಂಚೆ ಗಟ್ಟಿ ಚಿಪ್ಪಿನ ಮೊಟ್ಟೆ ಇಟ್ಟು ಸಾಯ್ತವೆ," ಎಂದು ಮೇಡಂ ಹೇಳಿದ್ದರು. "ರಾಗಿ ಕಾಳಿನ ಮುಂದೆ ಧೂಳಿನಷ್ಟು ಸಣ್ಣವು. ಮಣ್ಣಲ್ಲೇ ಇರ್ತವೆ. ಬಿಸಿಲು ತಡೀತವೆ, ವರ್ಷಗಟ್ಟಲೆ ಕಾಯ್ತವೆ. ನೀರು ತಾಗಿದ್ರೆ ಒಡೀತವೆ. ಎಷ್ಟು ವರ್ಷದವರೆಗೆ, ಅದು ನಾವು ನೋಡ್ಬೇಕಾದ್ದು."

ಅಂದಿನಿಂದ ತನುಜಾಗೆ ನೆಲ ಬೇರೆಯಾಗಿಯೇ ಕಂಡಿತು. ಬಸ್ಸಿನ ಕಿಟಕಿಯಿಂದ ನೋಡಿದರೆ ಅಜ್ಜಂಪುರದ ಕಡೆಯ ಬಯಲು ಮಗ್ಗುಲಾಗಿ ಮಲಗಿದ ಯಾರೋ ಒಬ್ಬರ ಬೆನ್ನಿನಂತೆ, ನಿಧಾನವಾಗಿ ಉಸಿರಾಡುತ್ತಿರುವಂತೆ ತೋರುವುದು. ಲ್ಯಾಬಿನ ಪಡುವಣದ ಕಿಟಕಿಯಿಂದ ಮೂರು ಗಂಟೆಯ ಬಿಸಿಲು ಟಬ್ಬುಗಳ ಮೇಲೆ ಬಿದ್ದಾಗ ಹನ್ನೆರಡು ಬೆಳಕಿನ ವೃತ್ತಗಳು ಚಾವಣಿಯ ಮೇಲೆ ಅಲುಗುತ್ತಿದ್ದವು. ಅಟೆಂಡರ್ ತೀರ್ಥಪ್ಪ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕಣ್ಣು ಮುಚ್ಚಿರುತ್ತಿದ್ದ. ಅವಳು ಟಬ್ಬಿನಿಂದ ಟಬ್ಬಿಗೆ ಬಾಗುತ್ತ, ಒಂದು ಲೋಕದಿಂದ ಇನ್ನೊಂದಕ್ಕೆ ಹೋದ ಹಾಗೆ ಹೋಗುತ್ತಿದ್ದಳು. ಲಿಂಗದಹಳ್ಳಿಯ ಟಬ್ಬಿನಲ್ಲಿ ಎರಡೇ ದಿನಕ್ಕೆ ಜಾತ್ರೆ: ಕುಪ್ಪಳಿಸುವ ನೀರುಚಿಗಟಗಳು, ಕಣ್ಣೊಂದೇ ಇರುವ ಪುಟಾಣಿಗಳು. ಹನ್ನೊಂದನೇ ಟಬ್ಬಿನಲ್ಲಿ ಮಾತ್ರ ಏನೂ ಇಲ್ಲ. ನೀರು, ಮಣ್ಣು, ಅವಳದೇ ಮುಖ.

ಒಂಬತ್ತನೇ ದಿನ ಆ ಮುಖದ ಕೆನ್ನೆಯ ಮೇಲೆ ಏನೋ ಕುಪ್ಪಳಿಸಿತು.

"ಮೇಡಂ!" ಎಂದು ಅವಳು ಕೂಗಿದ ರಭಸಕ್ಕೆ ತೀರ್ಥಪ್ಪನ ಸ್ಟೂಲು ಉರುಳಿತು. ಮೇಡಂ ಬಂದು ಮಸೂರ ಹಿಡಿದು ನೋಡಿದರು. ನೀರುಚಿಗಟಗಳು, ಒಂದಲ್ಲ, ಮೂರು. "ಏಳು ವರ್ಷ ಒಣಗಿದ್ದ ಕೆರೆ," ಎಂದು ಮೇಡಂ ತಮಗೆ ತಾವೇ ಹೇಳಿಕೊಂಡು, ಆಗಲೇ ಶಿವಮೊಗ್ಗದ ಒಬ್ಬ ಪ್ರೊಫೆಸರಿಗೆ ಫೋನು ಮಾಡಿದರು.

ಅವತ್ತು ತನುಜಾ ಬಸ್ಸಿನಲ್ಲಿ ನಿಂತೇ ಬಂದರೂ ಕಾಲು ನೆಲಕ್ಕೆ ತಾಗಿದ ನೆನಪಿಲ್ಲ. ಈಗ ಹೇಳಲಿ ಸಂಹಿತಾ ಎಂದುಕೊಂಡಳು. ಅಜ್ಜಂಪುರದಲ್ಲಿ ಸೀಟು ಸಿಕ್ಕಿ, ಕಿಟಕಿಗೆ ತಲೆಯಾನಿಸಿ, ಕಣ್ಣು ಮುಚ್ಚಿ ಟಬ್ಬುಗಳನ್ನು ಮತ್ತೊಮ್ಮೆ ಕಂಡುಕೊಂಡಳು. ಒಂದು, ಎರಡು, ಮೂರು... ಮೂರನೆಯದು ಲಿಂಗದಹಳ್ಳಿಯದು. ಶನಿವಾರ ಅದಕ್ಕೆ ನೀರು ತುಂಬಿದ್ದು, ಮಗ್ಗು ನೀರಿಗೆ ತಾಗಿದ್ದು, ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಅದೇ ಮಗ್ಗನ್ನು ತೊಳೆಯದೆ ಹನ್ನೊಂದಕ್ಕೂ ಬಗ್ಗಿಸಿದ್ದು.

ಅವಳು ಕಣ್ಣು ತೆರೆದಳು. ಹೊರಗೆ ಹೊಲಗಳು ಹಿಂದಕ್ಕೆ ಹೋಗುತ್ತಿದ್ದವು.

ಯಾರೂ ನೋಡಿರಲಿಲ್ಲ. ತೀರ್ಥಪ್ಪ ಕೂಡ ಇರಲಿಲ್ಲ. ಆ ಮೂರು ಪ್ರಾಣಿಗಳು ಹಿರೇಕಟ್ಟೆಯವೇ ಇರಬಹುದು. ಮಗ್ಗಿಗಂಟಿ ಬಂದ ಲಿಂಗದಹಳ್ಳಿಯವೂ ಇರಬಹುದು. ಮನೆಯಲ್ಲಿ ಅವಳು ಮುದ್ದೆಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟಳು. ಅಮ್ಮ ಹಣೆ ಮುಟ್ಟಿ ನೋಡಿದಳು. ಹೇಳಿದರೆ ಕೆಲಸ ಹೋಗುತ್ತದೆ. ಅಂಗಡಿಯಲ್ಲಿ ಅವಳ ಜಾಗಕ್ಕೆ ಆಗಲೇ ಬೇರೆ ಹುಡುಗಿ ಬಂದಾಗಿದೆ. ಎಲ್ಲಕ್ಕಿಂತ, ಬಡತನ ನೋಡಿ ಕೊಟ್ಟ ಕೆಲಸ ಹೀಗೇ ಆಗೋದು ಎಂದು ಜನ ಅನ್ನುತ್ತಾರೆ. ಹೇಳದಿದ್ದರೆ? ಹೇಳದಿದ್ದರೆ ಆ ಕೆರೆಯ ಬಗ್ಗೆ ತನಗೆ ಎಂದೆಂದಿಗೂ ನಿಜ ಗೊತ್ತಾಗುವುದಿಲ್ಲ. ಆರನೇ ಕ್ಲಾಸಿನಿಂದ ಕೇಳಿಕೊಂಡು ಬಂದ ಪ್ರಶ್ನೆಗೆ ತಾನೇ ಒಂದು ಸುಳ್ಳು ಉತ್ತರ ಕೊಟ್ಟುಕೊಂಡ ಹಾಗೆ.

ಮಾರನೇ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಮೇಡಂ ಇನ್ನೂ ಬ್ಯಾಗು ಇಡುವ ಮುಂಚೆಯೇ ಎಲ್ಲ ಹೇಳಿಬಿಟ್ಟಳು.

ಮೇಡಂ ಮುಖ ಬಿಗಿಯಿತು. "ನಾನು ಫೋನ್ ಮಾಡೋ ಮುಂಚೆ ನೆನಪಾಗ್ಬೇಕಿತ್ತು."

"ಬಸ್ಸಲ್ಲಿ ನೆನಪಾಯ್ತು ಮೇಡಂ."

ಅವರು ಅವಳೆದುರಿಗೇ ಶಿವಮೊಗ್ಗಕ್ಕೆ ಮತ್ತೆ ಫೋನು ಮಾಡಿದರು. "ಸರ್, ನಿನ್ನೆ ಹೇಳಿದ್ದು ಬಿಟ್ಬಿಡಿ. ನಮ್ಮಲ್ಲಿ ಒಂದು ತಪ್ಪಾಗಿದೆ," ಎಂದರು. ನಮ್ಮಲ್ಲಿ ಎಂದರೇ ಹೊರತು ಯಾರ ಹೆಸರೂ ಎತ್ತಲಿಲ್ಲ. ಫೋನು ಇಟ್ಟು, ಬ್ಯಾಗನ್ನು ಮೇಜಿನ ಮೇಲಿಟ್ಟು ಅವಳ ಕಡೆ ತಿರುಗಿದರು.

"ಆ ಟಬ್ ಚೆಲ್ಲಿಬಿಡು. ಭಾನುವಾರ ಹೊಸ ಮಣ್ಣು ತಗೊಂಡ್ ಬಾ. ಮೇಲಿನದ್ದು ಬೇಡ, ನಾಲ್ಕು ಬೆರಳು ಕೆಳಗಿನದ್ದು. ಟಬ್ಬಿಗೊಂದು ಮಗ್ಗು, ಮೇಲೆ ನಂಬರ್ ಬರಿ."

"ನಾನೇ ತರ್ಲಾ ಮೇಡಂ?"

"ಮತ್ಯಾರು? ನಿಮ್ಮೂರ ಕೆರೆ." ಆಮೇಲೆ, "ತನುಜಾ, ಹುಡುಗಿಯರು ಆಡ್ಕೊಳ್ಳೋದು ನನ್ನ ಕಿವಿಗೂ ಬಿದ್ದಿದೆ. ಅರ್ಜಿ ಹಾಕಿದ್ದು ಹದಿನಾಲ್ಕು ಜನ. ಎಲ್ಲರ ಹತ್ರಾನೂ ಇನ್‌ಕಮ್ ಸರ್ಟಿಫಿಕೇಟ್ ಇತ್ತು. ಕೆರೆ ಪ್ರಶ್ನೆ ಕೇಳಿದ್ದು ನೀನೊಬ್ಬಳೇ," ಎಂದರು.

ಅವಳು ಹೊರಗೆ ಬಂದು ಕಾರಿಡಾರಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡಳು.

ಭಾನುವಾರ ದೇವೀರಪ್ಪ ಪಿಕಾಸಿ ಹೆಗಲಿಗೆ ಹಾಕಿಕೊಂಡು ಅವಳ ಜೊತೆ ಹೊರಟ. ಹಿರೇಕಟ್ಟೆಯ ಅಂಗಳದಲ್ಲಿ ಕ್ರಿಕೆಟ್ ನಡೆದಿತ್ತು. ಅಪ್ಪ ತೂಬಿನ ಹತ್ತಿರದ ತಗ್ಗಿಗೆ ಹೋಗಿ ಕಾಲಿನಿಂದ ನೆಲ ತಟ್ಟಿ ನೋಡಿದ. "ನೀರು ಕೊನೇಗೆ ನಿಲ್ತಿದ್ದಿದ್ದು ಇಲ್ಲೇ ಕಣವ್ವ." ಅವನು ಅಗೆದ, ಅವಳು ಸ್ಟೀಲ್ ಡಬ್ಬಿಯಲ್ಲಿ ಮಣ್ಣು ತುಂಬಿಕೊಂಡಳು. ಇಟ್ಟಿಗೆಯ ಹಾಗೆ ಗಟ್ಟಿ. ಮೂಗಿಗೆ ಹಿಡಿದರೆ ಎಲ್ಲೋ ತೀರ ಆಳದಲ್ಲಿ ಮೀನಿನ ವಾಸನೆಯ ನೆನಪೊಂದು ಇದ್ದ ಹಾಗಿತ್ತು.

ಹೊಸ ಮಣ್ಣಿಗೆ ನೀರು ಹೊಯ್ದಾಯಿತು. ಮೂರು ದಿನ, ಒಂಬತ್ತು ದಿನ, ಹದಿನೈದು ದಿನ. ಏನೂ ಇಲ್ಲ. ಮೇಡಂ ಪುಸ್ತಕದಲ್ಲಿ ಸೊನ್ನೆ ಬರೆದರು. "ಇದೂ ಒಂದು ಫಲಿತಾಂಶವೇ. ನಾಳೆ ಖಾಲಿ ಮಾಡು," ಎಂದರು.

ಆ ಸಂಜೆ ಮನೆಯ ಜಗಲಿಯ ಮೇಲೆ ತನುಜಾ ಈ ಸೊನ್ನೆಯ ಕಥೆ ಹೇಳಿದಾಗ ದೇವೀರಪ್ಪ ಎಲೆಗೆ ಸುಣ್ಣ ಸವರುತ್ತಿದ್ದ. "ಅಲ್ಲ ಕಣವ್ವ, ಹೊಲದಾಗೆ ಮೊದಲ ಮಳೆಗೆ ಎಲ್ಲ ಬೀಜಾನೂ ಎದ್ದುಬತ್ತಾವಾ? ಕೆಲವು ಎದ್ದುಬತ್ತಾವೆ, ಬಿಸಿಲಿಗೆ ಸುಟ್ಟೋಯ್ತಾವೆ. ಜಾಣ ಬೀಜ ಎರಡನೇ ಮಳೆ ಬರ್ಲಿ ಅಂತ ಒಳಗೇ ಇರ್ತಾವೆ. ನಿನ್ನ ಮೊಟ್ಟೆ ಅದೇ ಜಾತಿದಿರ್ಬೇಕು."

ಅವಳು ಅಪ್ಪನನ್ನೇ ನೋಡಿದಳು. ಮಾರನೇ ದಿನ ಅದೇ ಮಾತನ್ನು ಮೇಡಂಗೆ ಹೇಳಿದಳು, ಜಾಣ ಬೀಜದ ಸಮೇತ. ಒಣಗಿಸಿ ಇನ್ನೊಂದು ಸಲ ನೀರು ಕೊಡೋಣವೇ? ಮೇಡಂ ನಗಲಿಲ್ಲ. ಹಾಗೆ ಆಗುವುದುಂಟೆಂದು ತಾವೂ ಎಲ್ಲೋ ಓದಿದ ನೆನಪು ಎಂದರು. "ನಿಮ್ಮ ತಂದೆ ಏನು ಮಾಡ್ತಾರೆ?" ಎಂದು ಕೇಳಿದರು. "ವಾಟರ್‌ಮ್ಯಾನ್," ಎಂದಳು ತನುಜಾ. ಆ ಪದ ಹೇಳುವಾಗ ಮೊದಲ ಬಾರಿ ಅವಳ ದನಿ ಇಳಿಯಲಿಲ್ಲ.

ನೀರು ಬಸಿದು, ತೆಳುಬಟ್ಟೆ ಕಟ್ಟಿ, ಟಬ್ಬನ್ನು ಕಾಲೇಜಿನ ತಾರಸಿಯ ಮೇಲಿಟ್ಟರು. ಮಣ್ಣು ಬಿರುಕು ಬಿಡಲು ಹನ್ನೆರಡು ದಿನ ಬೇಕಾಯಿತು. ತೀರ್ಥಪ್ಪ ಕಾಗೆ ಕಾಯುವ ಕೆಲಸ ತಾನೇ ವಹಿಸಿಕೊಂಡ. ಆಮೇಲೆ ಅದು ಮತ್ತೆ ಲ್ಯಾಬಿಗೆ ಬಂತು, ಮತ್ತೆ ಸೋಸಿದ ಮಳೆನೀರು, ಹನ್ನೊಂದೆಂದು ಬರೆದ ಮಗ್ಗು.

ಮೂರನೇ ಮಧ್ಯಾಹ್ನ. ಬಿಸಿಲು ಕಿಟಕಿಗೆ ಬಂದಿತ್ತು. ತನುಜಾ ಬಾಗಿದಳು. ನೀರಿನಲ್ಲಿ ಸೂಜಿ ಚುಚ್ಚಿದಷ್ಟು ಸಣ್ಣ ಕೆಂಚು ಚುಕ್ಕೆಗಳು, ಬೆಳಕಿನ ಕಡೆಗೆ ಒಟ್ಟಾಗಿ ಸರಿಯುತ್ತಿದ್ದವು. ಅವಳು ಕೈ ಅಡ್ಡ ಹಿಡಿದು ನೆರಳು ಮಾಡಿದಳು. ಚುಕ್ಕೆಗಳು ತಿರುಗಿದವು. ಕೈ ತೆಗೆದಳು. ಮರಳಿ ಬಂದವು. ಈ ಸಲ ಅವಳು ಕೂಗಲಿಲ್ಲ. ಅಲ್ಲೇ ಗಲ್ಲಕ್ಕೆ ಕೈಕೊಟ್ಟು ಕೂತಳು. ತನ್ನ ಆರನೇ ಕ್ಲಾಸಿನ ವರ್ಷ ಯಾವುದೋ ತಾಯಿ ಇಟ್ಟ ಮೊಟ್ಟೆ. ತಾನು ಹೈಸ್ಕೂಲು ಸೇರಿದ್ದು, ಅಜ್ಜಿ ತೀರಿಕೊಂಡದ್ದು, ಊರಿಗೆ ಎಷ್ಟೋ ರೈಲು ಬಂದು ಹೋದದ್ದು, ಎಲ್ಲದರ ಕೆಳಗೂ ಇವು ಮಲಗಿದ್ದವು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ಹಿಂದಿನಿಂದ ಯಾರೋ ಉಸಿರು ಬಿಟ್ಟ ಸದ್ದಾಗಿ ತಿರುಗಿದರೆ ಮೇಡಂ ನಿಂತಿದ್ದರು. ಅವಳು ಸರಿದು ಅವರಿಗೆ ಜಾಗ ಮಾಡಿಕೊಟ್ಟಳು.

ಎರಡು ವಾರಕ್ಕೆ ಅವು ಬೆರಳಿನ ಉಗುರಿನಷ್ಟಾದವು. ಗಾಜಿನ ಮೈ, ಎರಡು ಸಾಲು ಗರಿಯಂಥ ಕಾಲುಗಳು. ಬೆನ್ನು ಕೆಳಗೆ ಮಾಡಿ, ಕಾಲನ್ನು ಆಕಾಶಕ್ಕೆ ಎತ್ತಿ, ಅಂಗಾತ ಈಜುತ್ತಿದ್ದವು. ಫೇರಿ ಶ್ರಿಂಪ್ ಎಂದು ಮೇಡಂ ಹೇಳಿದರು. ಮೀನೂ ಅಲ್ಲ, ನಾವು ತಿನ್ನುವ ಸೀಗಡಿಯೂ ಅಲ್ಲ. ಸುದ್ದಿ ಕೇಳಿ ನೋಡಲು ಬಂದವರಲ್ಲಿ ಸಂಹಿತಾಳೂ ಇದ್ದಳು. ಎಲ್ಲರೂ ಹೋದ ಮೇಲೂ ಅವಳು ಹೋಗಲಿಲ್ಲ.

"ನಾನೊಂದು ಚಿತ್ರ ಬರೀಲಾ? ಫೋಟೋದಲ್ಲಿ ಕಾಲು ಸರಿಯಾಗಿ ಬರಲ್ಲ," ಎಂದಳು. ಆಮೇಲೆ ಪೆನ್ಸಿಲ್ ಹೆರೆಯುತ್ತ ಮೆಲ್ಲಗೆ, "ಅವತ್ತು ನೋಟಿಸ್ ಬೋರ್ಡ್ ಹತ್ರ ನೀನು ಕೇಳಿಸ್ಕೊಂಡೆ ಅಂತ ಆಮೇಲೆ ಗೊತ್ತಾಯ್ತು ಕಣೇ," ಎಂದಳು.

ತನುಜಾ ಅವಳಿಗೆ ಮಸೂರ ಸರಿಸಿಕೊಟ್ಟಳು. "ಎಡಗಡೆ ಇರೋದನ್ನ ನೋಡು. ಅದು ಹೆಣ್ಣು, ಮೊಟ್ಟೆ ಚೀಲ ಕಾಣುತ್ತೆ."

ಮೇಡಂ ಅವರ ವರದಿ ಮುಗಿಯಲು ಇನ್ನೂ ಒಂದು ವರ್ಷ ಹಿಡಿಯಿತು. ಅದರಲ್ಲಿ ತನುಜಾ ಡಿ. ಎಂದು ಹೆಸರು ಬಂತು, ಚಿತ್ರದ ಕೆಳಗೆ ಸಂಹಿತಾಳದೂ ಬಂತು. ಹಾಳಾದ ಮೊದಲ ಟಬ್ಬಿನ ಸಂಗತಿಯನ್ನೂ ಮೇಡಂ ಎರಡು ಸಾಲು ಬರೆಸಿದರು. ತನುಜಾಳ ಕೈಯಿಂದಲೇ ಬರೆಸಿದರು. ಲೋಕವೇನೂ ತಲೆಕೆಳಗಾಗಲಿಲ್ಲ. ಆದರೆ ಟ್ರಸ್ಟಿನವರು ಕೆಲಸವನ್ನು ಇನ್ನೆರಡು ವರ್ಷ ಮುಂದುವರಿಸಿ, ಒಬ್ಬರ ಜಾಗಕ್ಕೆ ಮೂವರನ್ನು ತೆಗೆದುಕೊಳ್ಳಲು ಒಪ್ಪಿದರು. ಡಿಗ್ರಿ ಮುಗಿದು ತನುಜಾ ಎಂ.ಎಸ್ಸಿ.ಗೆ ಶಂಕರಘಟ್ಟದ ಯೂನಿವರ್ಸಿಟಿ ಸೇರಿದಳು. ಹೊರಡುವ ದಿನ ಸಾವಿತ್ರಮ್ಮ ಬ್ಯಾಗಿಗೆ ಚಟ್ನಿಪುಡಿ ತುಂಬುತ್ತ, "ಅಲ್ಲೂ ಕೆಸರೇ ಏನೇ?" ಎಂದಳು.

ಈಚೆಗೆ ಅಕ್ಟೋಬರಿನಲ್ಲಿ ಒಂದು ಶನಿವಾರ ಶಿವನಿಯ ಮೇಲೆ ಮೋಡ ಒಡೆದಂಥ ಮಳೆಯಾಯಿತು. ತನುಜಾ ಊರಿಗೆ ಬಂದಿದ್ದಳು. ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಹಿರೇಕಟ್ಟೆಗೆ ಹೋದರು. ತೂಬಿನ ಬಳಿಯ ತಗ್ಗಿನಲ್ಲಿ ಮೊಣಕಾಲವರೆಗೆ ನೀರು, ಅಂಗಳದ ಉಳಿದೆಡೆ ದನದ ಗೊರಸಿನ ಗುರುತುಗಳಲ್ಲೆಲ್ಲ ಒಂದೊಂದು ಬೊಗಸೆ ಆಕಾಶ.

"ಕಾಣ್ತಾವೇನವ್ವ?"

"ಇನ್ನೂ ಇಲ್ಲಪ್ಪ. ಕಣ್ಣಿಗೆ ಕಾಣೋಕೆ ಎರಡು ವಾರ ಆಗ್ಬೇಕು. ಈ ನೀರಿಗೆ ಏಳ್ತಾವೋ, ಇನ್ನೊಂದಕ್ಕೆ ಕಾಯ್ತಾವೋ."

"ನೀನು ನಾಳೆ ಹೋಗ್ಬೇಕಲ್ಲ. ಇರ್ಲಿ, ನಾನು ನೋಡಿ ಫೋನ್ ಮಾಡ್ತೀನಿ."

ಎರಡು ವಾರ ಕಳೆದು ಒಂದು ಬುಧವಾರ ಹನ್ನೊಂದು ಗಂಟೆಗೆ ಕ್ಲಾಸಿನಲ್ಲಿ ಅವಳ ಮೊಬೈಲು ನಡುಗಿತು. ಅಪ್ಪ ಒಂದು ಫೋಟೋ ಕಳಿಸಿದ್ದ. ಮನೆಯ ಸ್ಟೀಲ್ ತಟ್ಟೆ, ಅದರೊಳಗೆ ಕದಡಿದ ನೀರು, ಅಂಚಿನಲ್ಲಿ ಅವನ ಹೆಬ್ಬೆರಳು. ಫೋಟೋ ಅಲುಗಾಡಿತ್ತು. ನೀರಿನಲ್ಲಿ ಮೋಡದ ನೆರಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕೆಳಗೆ ಒಂದೇ ಮಾತು: "ಅಂಗಾತ ಅದಾವೆ."

ಮೇಷ್ಟರು ಬೋರ್ಡಿನ ಮೇಲೆ ಏನೋ ಬರೆಯುತ್ತಿದ್ದರು. ತನುಜಾ ಮೇಜಿನ ಕೆಳಗೆ ಆ ಫೋಟೋವನ್ನು ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ ನೋಡುತ್ತ ಕೂತಳು.